ಅಂಗಳದ ಸಮಾಧಿಯ ಬಗ್ಗೆ

ಸವಾಯಿ ದ್ವೀಪ, ಸಮೋವಾ

ಫೆತು ಅಣ್ಣನಿಗೆ,

ನಮ್ಮ ಮೇಲ್ಮನವಿ ವಜಾ ಆಗಿದೆ. ಅಜ್ಜನ ಜಾಗ ನಿಮ್ಮದೆಂಬ ತೀರ್ಪು ಉಳಿಯಿತು. ನ್ಯಾಯಾಲಯದ ಗುಮಾಸ್ತರು ಫೋನ್ ಮಾಡಿ ತಿಳಿಸಿದರು. "ಇನ್ನು ಮೇಲೆ ಹೋಗೋಕೆ ಕೋರ್ಟಿಲ್ಲಮ್ಮ, ಗೆದ್ದೋರನ್ನೇ ಕೇಳ್ಕೊಳ್ಳಿ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ಮನೆಯನ್ನು ನಾವೇ ಬಿಚ್ಚುತ್ತೇವೆ. ಅಮ್ಮನನ್ನು ಅಂಗಳದಲ್ಲಿ ಹೂಳಿದ ದಿನ ನೀವು, "ಹೆಣ ಇಟ್ಟು ಜಾಗ ಹಿಡೀತೀಯೇನೇ?" ಎಂದಿರಿ. ನಮ್ಮೂರಲ್ಲಿ ಎಲ್ಲರೂ ತಮ್ಮವರನ್ನು ಹೂಳುವುದು ಮನೆಯ ಮುಂದೆಯೇ. ನಿಮ್ಮ ತಾಯಿ ತೀರಿಕೊಂಡ ಮೇಲೆ ನಿಮ್ಮನ್ನು ಸಾಕಿದವಳೂ ನನ್ನ ಅಮ್ಮನೇ.

ಸಮಾಧಿಯನ್ನು ಉಳಿಸಿಕೊಡಿ. ಆಗದಿದ್ದರೆ ಯಂತ್ರ ತರಿಸಬೇಡಿ, ನಾವೇ ಕೈಯಿಂದ ಅಗೆಯುತ್ತೇವೆ. ಅವಳ ಮೂಳೆಗಳಿಗೆ ಹೊದಿಸಲು ಹೊಸ ಚಾಪೆ ನೇಯುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಪೊಲೀಸರು ಬಂದು ಜಾಗವನ್ನು ನಿಮ್ಮ ವಶಕ್ಕೆ ಕೊಡುತ್ತಾರೆ.

ನಿಮ್ಮ ಚಿಕ್ಕಮ್ಮನ ಮಗಳು,
ಮಸೀನ