ಖಾಲಿ ಬಿಟ್ಟ ಜಾಗ

ಆಫೀಸು, ಮೂರನೇ ಮಹಡಿ
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಬೆನ್ನುನೋವು ಸ್ವಲ್ಪವಾದರೂ ತಗ್ಗಿತಾ? ಮಾತ್ರೆ ನುಂಗಿದೆ ಅಂತ ನರ್ಸಮ್ಮನಿಗೆ ಹೇಳಿ ದಿಂಬಿನ ಕೆಳಗೆ ಸೇರಿಸುತ್ತಿಲ್ಲ ತಾನೇ? ಪಕ್ಕದ ಮಂಚದವರ ಗೊರಕೆಗೆ ಜಗಳ ತೆಗೆಯಬೇಡ, ನಿನ್ನದರ ಮುಂದೆ ಅವರದು ಜೋಗುಳ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪ ಮಾತ್ರ ನೀನಿಲ್ಲದ ಮನೆಯಲ್ಲಿ ಹಗಲಲ್ಲೂ ಎಲ್ಲ ಕೋಣೆಯ ದೀಪ ಹಾಕಿಕೊಂಡು ಓಡಾಡುತ್ತಾರೆ. ಕೇಳಿದರೆ ಕಣ್ಣು ಮಂಜು ಅನ್ನುತ್ತಾರೆ.

ಇವತ್ತು ಬೆಳಿಗ್ಗೆ ಆಗಬೇಕಿದ್ದ ಆಪರೇಷನ್ ನಿಂತಿತು ಅಂತ ನೀನು ಡಾಕ್ಟರ ಮೇಲೆ ರೇಗಿದೆಯಂತೆ. ವಾರ್ಡಿಗೆ ಫೋನ್ ಮಾಡಿದ್ದ ತಮ್ಮ ಹೇಳಿದ. ಅವರನ್ನು ಬೈಯಬೇಡಮ್ಮಾ, ನಿಲ್ಲಿಸಿದವಳು ನಾನು. ಫೋನಿನಲ್ಲಿ ಹೇಳಹೊರಟರೆ ನನ್ನ ದನಿ ಕೇಳಿಯೇ ನೀನು ಅರ್ಧ ಕುಗ್ಗಿಹೋಗುತ್ತೀಯ, ಅದಕ್ಕೇ ಕಾಗದ. ಸಂಜೆ ಬಸ್ಸಿಗೆ ತಮ್ಮ ಹೊರಡುತ್ತಾನೆ, ಅವನ ಕೈಲಿ ಕಳಿಸುತ್ತೇನೆ. ನಿಜ ಹೇಳಬೇಕೆಂದರೆ ಇನ್ನೂ ಒಂದು ಕಾರಣವಿದೆ. ಎದುರಿನ ಪರದೆಯಲ್ಲಿ ಒಂದು ಪರೀಕ್ಷೆ ಓಡುತ್ತಿದೆ, ಅದು ಮುಗಿಯುವವರೆಗೆ ನಾನು ಮಾಡುವಂಥದ್ದು ಏನೂ ಇಲ್ಲ.

ಮಗಳು ಕಂಪ್ಯೂಟರಿಗೆ ಕಪಾಟು ಮಾಡ್ತಾಳೆ ಅಂತ ನೀನು ಎಲ್ಲರ ಹತ್ತಿರ ಹೇಳಿಕೊಂಡು ಬರುತ್ತೀಯಲ್ಲ, ಅದೇನೂ ಸುಳ್ಳಲ್ಲ. ಡಿಸ್ಕ್ ಅಂದರೆ ಲೆಕ್ಕವಿಲ್ಲದಷ್ಟು ಸಣ್ಣ ಖಾನೆಗಳು. ಆಸ್ಪತ್ರೆಯ ಒಂದು ಸ್ಕ್ಯಾನ್ ಚಿತ್ರ ಒಂದೇ ಖಾನೆಯಲ್ಲಿ ಹಿಡಿಸುವುದಿಲ್ಲ, ತುಂಡು ಮಾಡಿ ಸಿಕ್ಕಸಿಕ್ಕ ಕಡೆ ಇಡಬೇಕು. ಯಾವ ತುಂಡು ಎಲ್ಲಿದೆ, ಯಾರದು ಅನ್ನುವುದನ್ನು ಡಿಸ್ಕಿನ ಮೇಲೆ ಹೇಗೆ ಬರೆದಿಡಬೇಕು ಎಂದು ಯೋಚಿಸುವುದೇ ನಮ್ಮ ಕೆಲಸ. ಪ್ರೋಗ್ರಾಮನ್ನು ನಾಳೆ ಬದಲಾಯಿಸಬಹುದು. ಆದರೆ ಡಿಸ್ಕಿನ ಮೇಲೆ ಆಗಲೇ ಬರೆದಾಗಿರುವುದು ಎಷ್ಟು ವರ್ಷವಾದರೂ ಹಾಗೇ ಕೂತಿರುತ್ತದೆ. ಅದಕ್ಕೇ ಮುಂದೆ ಬೇಕಾದೀತು ಅಂತ ಪ್ರತಿ ಖಾನೆಯ ತಲೆಯಲ್ಲೂ ಒಂದಿಷ್ಟು ಜಾಗ ಖಾಲಿ ಬಿಡುತ್ತಾರೆ. ಮೇಲೊಂದು ಮಹಡಿ ಕಟ್ಟುವ ಆಸೆಯಿಂದ ತಾರಸಿಯಲ್ಲಿ ಕಬ್ಬಿಣದ ಕಂಬಿ ಬಿಟ್ಟಿರುತ್ತಾರಲ್ಲ, ಹಾಗೆ. ಈ ಸಲದ ಹೊಸ ವಿನ್ಯಾಸದಲ್ಲಿ ನಾವು ಆ ಜಾಗದಲ್ಲಿ 'ಈ ತುಂಡು ಇಂಥವರದು' ಎಂದು ಬರೆಯಲು ಶುರುಮಾಡಿದೆವು. ಕರೆಂಟು ಹೋಗಿ ಒಳಗಿನ ವ್ಯವಸ್ಥೆ ಕೆಟ್ಟರೂ ಒಂದೊಂದು ತುಂಡನ್ನೂ 'ನೀನು ಯಾರವನಪ್ಪಾ' ಅಂತ ಕೇಳಿ ಮತ್ತೆ ಜೋಡಿಸಬಹುದು. ಎಲ್ಲರೂ ಮೆಚ್ಚಿದರು, ನಾನೂ ಹಿಗ್ಗಿದ್ದೆ.

ನಿನ್ನೆ ಮಧ್ಯಾಹ್ನ ಒಂದು ಹಳೇ ಡಿಸ್ಕ್ ಸಿಕ್ಕಿತು, ಇದನ್ನೂ ನೋಡಿಬಿಡೋಣ ಅಂತ ಹಾಕಿದೆ. ಖಾಲಿ ಜಾಗದಲ್ಲಿ ಸೊನ್ನೆ ಇರಬೇಕಿತ್ತು, ಇರಲಿಲ್ಲ. ಹಳೆಯ ಪ್ರೋಗ್ರಾಂ ಆ ಜಾಗವನ್ನು ಬಿಟ್ಟಿತ್ತೇ ಹೊರತು ಒರೆಸಿರಲಿಲ್ಲ. ಬಾಡಿಗೆ ಮನೆಯ ಬಾಗಿಲಲ್ಲಿ ಹಿಂದಿನವರ ಹೆಸರಿನ ಹಲಗೆ ಉಳಿದುಬಿಡುತ್ತದಲ್ಲ, ಹಾಗೆ ಮೊದಲು ಆ ಖಾನೆಯಲ್ಲಿ ಇದ್ದವರ ಗುರುತು ಅಲ್ಲೇ ಉಳಿದಿತ್ತು. ನಮ್ಮ ಹೊಸ ಪ್ರೋಗ್ರಾಂ ಅದನ್ನೇ ಸತ್ಯ ಅಂತ ನಂಬಿ, ಯಾರದೋ ತುಂಡನ್ನು ಯಾರಿಗೋ ಅಂಟಿಸುತ್ತಿತ್ತು.

ನನಗೆ ತಟ್ಟನೆ ನಿನ್ನ ನೆನಪಾಯಿತು. ನಿನ್ನ ಸ್ಕ್ಯಾನ್ ಆದ ಮೇಲೆಯೇ ನಿಮ್ಮ ಆಸ್ಪತ್ರೆಗೆ ಈ ಹೊಸ ಪ್ರೋಗ್ರಾಂ ಹಾಕಿದ್ದು. ಮಾರನೇ ದಿನ ಅಲ್ಲಿ ಕರೆಂಟು ಹೋಗಿ ನೀನು ಲಿಫ್ಟಿನಲ್ಲಿ ಸಿಕ್ಕಿಕೊಂಡೆ ಅಂತ ನಗುತ್ತಾ ಹೇಳಿದ್ದೆ. ಡಾಕ್ಟರು ಚಿತ್ರ ನೋಡಿ ಬೆನ್ನುಮೂಳೆಯ ಹತ್ತಿರ ಗಡ್ಡೆ ಇದೆ ಅಂದದ್ದು ಅದಾದ ಮೇಲೆ. ಅಮ್ಮಾ, ಕರೆಂಟು ಹೋದಾಗ ಆ ಪ್ರೋಗ್ರಾಂ ನಿನ್ನ ಚಿತ್ರದ ತುಂಡುಗಳನ್ನೂ ಹೀಗೇ ತಪ್ಪಾಗಿ ಜೋಡಿಸಿದ್ದರೆ?

ನಮ್ಮ ತಂಡದ ಹಿರಿಯರ ಹತ್ತಿರ ಓಡಿದೆ. ಎಲ್ಲವನ್ನೂ ಪಾಠದ ಹಾಗೆ ವಿವರಿಸುವುದರಿಂದ ಅವರನ್ನು ನಾವು ಮೇಷ್ಟ್ರು ಅನ್ನುತ್ತೇವೆ. ಕೆಟ್ಟವರಲ್ಲ, ಆದರೆ ಅವರೂ ಹೆದರಿದರು. “ಒಂದು ಹಳೇ ಡಿಸ್ಕ್ ನೋಡಿ ಊರಿಗೆಲ್ಲ ಬೆಂಕಿ ಬಿತ್ತು ಅಂತ ಕೂಗೋದಾ? ಮೊದಲು ಖಚಿತ ಆಗಲಿ” ಅಂದರು. ಖಚಿತ ಆಗೋದರೊಳಗೆ ಬೆಳಗಾಗುತ್ತೆ ಸಾರ್, ಅಲ್ಲಿ ಮಲಗಿರೋದು ನಮ್ಮಮ್ಮ ಅಂದೆ. ನಾನು ಅಪ್ಪಣೆಗೆ ಕಾಯಲಿಲ್ಲ. ಮೆಟ್ಟಿಲ ಮೇಲೆ ಕೂತು ನಿಮ್ಮ ಸ್ಕ್ಯಾನ್ ವಿಭಾಗದ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. “ಚಿತ್ರ ಕಾಣೆಯಾಗಿದೆ ಅಂತಲಾ ನೀವು ಹೇಳೋದು?” ಅಂತ ಕೇಳಿದರು. ಕಾಣೆಯಾಗಿದ್ದರೆ ನಿಮಗೇ ಗೊತ್ತಾಗ್ತಿತ್ತು ಡಾಕ್ಟ್ರೇ, ಚಿತ್ರ ಇರುತ್ತೆ, ಚೆನ್ನಾಗೇ ಕಾಣುತ್ತೆ, ಯಾರದು ಅಂತ ಮಾತ್ರ ಹೇಳೋಕಾಗಲ್ಲ ಅಂದೆ. ಅತ್ತ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು. ಆಮೇಲೆ ಹೇಳಿದರು, “ಬೆಳಿಗ್ಗೆಯ ಆಪರೇಷನ್ ಎಲ್ಲಾ ನಿಲ್ಲಿಸ್ತೀನಿ. ನೀವು ಹೇಳಿದ್ದು ಸುಳ್ಳಾದರೆ ಬೈಸಿಕೊಳ್ಳೋಳು ನಾನು.” ಅವರನ್ನು ನೀನು ಕಂಡರೆ ನನ್ನ ಪರವಾಗಿ ಕೈ ಹಿಡಿದುಕೋ.

ಇವತ್ತು ಎಲ್ಲರಿಗಿಂತ ಮೊದಲು ಬಂದವರು ಮೇಷ್ಟ್ರೇ. ನನ್ನ ಪಕ್ಕದಲ್ಲೇ ಬಂದು ಕೂತರು. ಇಬ್ಬರೂ ಸೇರಿ ಡಿಸ್ಕಿನ ತಲೆಯಲ್ಲಿ ಒಂದು ಗುರುತು ಸೇರಿಸಿದೆವು: ಖಾಲಿ ಜಾಗ ಒರೆಸಿದೆ ಅನ್ನುವ ಗುರುತು. ಅದಿಲ್ಲದ ಡಿಸ್ಕಿನಲ್ಲಿ ಆ ಜಾಗದ ಮಾತನ್ನು ಯಾರೂ ನಂಬಬಾರದು. ತನಗೆ ಅರ್ಥವಾಗದ ಗುರುತು ಕಂಡರೆ ಪ್ರೋಗ್ರಾಂ ಓದಬಹುದು, ಬರೆಯಬಾರದು. ಕೈ ಕಟ್ಟಿಕೊಂಡು ದೂರ ನಿಲ್ಲಬೇಕು. ಇನ್ನು ಮುಂದೆ ಹೀಗಾಗುವುದಿಲ್ಲ. ಆದರೆ ಆಗಿಹೋಗಿರುವುದು? ಸ್ಕ್ಯಾನ್ ಯಂತ್ರ ಪ್ರತಿ ಚಿತ್ರ ಕಳಿಸುವಾಗ ಅದರ ಅಂಕಿಗಳನ್ನೆಲ್ಲ ಕೂಡಿದ ಮೊತ್ತವೊಂದನ್ನು ತನ್ನಲ್ಲೇ ಉಳಿಸಿಕೊಂಡಿರುತ್ತದೆ. ಆಸ್ಪತ್ರೆಯ ಡಿಸ್ಕಿನ ನಕಲೊಂದನ್ನು ತರಿಸಿ, ಒಂದೊಂದೇ ಚಿತ್ರವನ್ನು ಆ ಮೊತ್ತಕ್ಕೆ ತಾಳೆ ನೋಡುತ್ತಿದ್ದೇವೆ. ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಪ್ರತಿಯೊಂದು ಕೆಂಪಿಗೂ ಜೀವ ಬಾಯಿಗೆ ಬರುತ್ತದೆ. ನಿನ್ನದಲ್ಲ ಅಂತ ಗೊತ್ತಾದಾಗ ಸಮಾಧಾನವಾಗುತ್ತದೆ, ಮರುಕ್ಷಣ ನಾಚಿಕೆಯೂ ಆಗುತ್ತದೆ. ಅವರೂ ಯಾರದೋ ಅಮ್ಮಂದಿರೇ ಅಲ್ಲವಾ?

ಊಟ ಬಿಡಬೇಡ. ಡಾಕ್ಟರ ಹತ್ತಿರ ಮುಖ ಊದಿಸಿಕೊಳ್ಳಬೇಡ. ನರ್ಸಮ್ಮನಿಗೆ ನನ್ನ ವಂದನೆ ಹೇಳು. ಅಪ್ಪ ಏನಾದರೂ ಬರೀ ಅಂದರು, ಏನು ಅಂತ ಮಾತ್ರ ಹೇಳಲಿಲ್ಲ, ನಿನಗೇ ತಿಳಿಯುತ್ತದೆ. ನೀನು ಧೈರ್ಯವಾಗಿದ್ದರೆ ನಾವೆಲ್ಲ ಇರುತ್ತೇವೆ.

ನಿನ್ನ ದೊಡ್ಡ ಮಗಳು

ತಾ.ಕ.: ತಮ್ಮ ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತು. ಪರೀಕ್ಷೆ ಮುಗಿಯಿತು. ಹೆಚ್ಚಿನವರದು ಸರಿಯಿದೆ, ನಿನ್ನದು ಸರಿಯಿಲ್ಲ. ಮೊದಲ ತುಂಡಿನಲ್ಲಿ ನಿನ್ನ ಹೆಸರಿದೆ, ನಡುವಿನ ಬೆನ್ನು ಇನ್ಯಾರದೋ. ಗಡ್ಡೆ ಇರುವುದು ಆ ಬೆನ್ನಿನಲ್ಲಿ. ನಿನಗೂ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಡಾಕ್ಟರಮ್ಮನಿಗೆ ಹೇಳಿದ್ದೇನೆ, ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಆ ಕೊಳವೆಯೊಳಗೆ ಉಸಿರು ಕಟ್ಟುತ್ತೆ, ಸತ್ತರೂ ಇನ್ನೊಮ್ಮೆ ಹೋಗಲ್ಲ ಅಂತ ಅತ್ತಿದ್ದೆ, ಗೊತ್ತು. ಹೋಗಮ್ಮಾ, ಕಣ್ಣು ಮುಚ್ಚಿಕೊಂಡು ಮಲಗು, ತಮ್ಮ ಹೊರಗೇ ನಿಂತಿರುತ್ತಾನೆ. ನಾನು ಈಗಲೇ ಬರಲಾರೆ. ಆ ಬೆನ್ನು ಯಾರದು ಅಂತ ಹುಡುಕಬೇಕು. ನಿಮಗೇನೂ ಇಲ್ಲ, ಮನೆಗೆ ಹೋಗಿ ಅಂತ ಅವರಿಗೆ ಹೇಳಿ ಕಳಿಸಿಬಿಟ್ಟಿರಬೇಕು.