ಎತ್ತಿ ಕುಡಿದ ವೈನು

ಗದಗ
೧೮ ಜನವರಿ ೧೯೮೨, ಸೋಮವಾರ

ನರ್ಮದಕ್ಕಾ,

ಶ್ರೀಪಾದ ಮಾಡುವ ನಮಸ್ಕಾರ. ಮನೆಯ ಕ್ಷೇಮ ಸಮಾಚಾರ ಅಪ್ಪನ ಕಾರ್ಡಿನಲ್ಲಿ ಬಂದಿರುತ್ತದೆ, ನಾನು ಅದನ್ನು ಬಿಟ್ಟಿದ್ದೇನೆ.

ಬಹಳ ದಿನ ನಿನ್ನಿಂದ ಮುಚ್ಚಿಟ್ಟ ಒಂದು ಮಾತನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ವೈನ್ ಇದೆ. ಅಜ್ಜಿಯ ಕಪಾಟಿನಲ್ಲಿ, ಗಂಗಾಜಲದ ಗಿಂಡಿಯ ಹಿಂದೆ ದ್ರಾಕ್ಷಾಸವದ ಬಾಟಲಿ ಇದೆಯಲ್ಲ, ಅದರೊಳಗೆ ಇರುವುದು ದ್ರಾಕ್ಷಾಸವ ಅಲ್ಲ. ಅಜ್ಜಿಗೆ ವಿಷಮಜ್ವರ ಬಂದು ಎದ್ದಾಗ, ಶಕ್ತಿ ಬರಲಿ ಎಂದು ಡಾಕ್ಟರು ಸಂಜೆಗೆ ಎರಡು ಚಮಚ ಪೋರ್ಟ್ ವೈನ್ ಬರೆದುಕೊಟ್ಟಿದ್ದರು. ಆಮೇಲೆ ಆ ಡಾಕ್ಟರು ತೀರಿಕೊಂಡರು, ಅವರು ಬರೆದ ಚೀಟಿ ಹರಿದುಹೋಯಿತು, ವೈನ್ ಮಾತ್ರ ಉಳಿಯಿತು. ಚಮಚ ಹೋಗಿ ಅರ್ಧ ಲೋಟವಾಯಿತು. ಬೆಟಗೇರಿಯಿಂದ ಅದನ್ನು ಪೇಪರಿನಲ್ಲಿ ಸುತ್ತಿ ತಂದು ದ್ರಾಕ್ಷಾಸವದ ಬಾಟಲಿಗೆ ಸುರಿಯುವವನು ನಾನು. ಶಾಲೆ ಬಿಟ್ಟ ಮೇಲೆ ಈ ಮನೆಯಲ್ಲಿ ನನಗೆ ಖಾಯಂ ಆದ ಕೆಲಸ ಅದೊಂದೇ.

ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ನನಗೆ ಸುಳ್ಳು ಬರುವುದಿಲ್ಲ ಎಂದು ನಿನಗೆ ಗೊತ್ತು. ಗಣಿತದ ಮಾಸ್ತರರಿಗೆ 'ನೀವು ಹೇಳಿದ್ದು ನನಗ ತಿಳೀಲಿಲ್ಲ, ನಿಮಗೂ ತಿಳಿಧಂಗ ಕಾಣೂದಿಲ್ಲ' ಎಂದು ಹೇಳಿಯೇ ಒಂಬತ್ತನೆಯ ಇಯತ್ತೆಗೆ ನನ್ನ ಓದು ಮುಗಿದದ್ದು.

ಈಗ ಯಾಕೆ ಹೇಳುತ್ತಿದ್ದೇನೆಂದರೆ, ಇಂದು ಬೆಳಿಗ್ಗೆ ಅಪ್ಪ ನಿನಗೆ ಕಾರ್ಡು ಹಾಕಿದ್ದಾರೆ. ಹುಡುಗ ಕುಡಿಯುತ್ತಾನೆ, ಕುಡಿದು ನಮ್ಮ ಮನೆಗೇ ಬಂದಿದ್ದ, ಈ ಸಂಬಂಧ ಬೇಡ ಎಂದು ಬರೆದಿದ್ದಾರೆ. ಮೊದಲನೆಯ ಮಾತು ಖರೆ. ಎರಡನೆಯದು ಅಪ್ಪನಿಗೆ ತಿಳಿದಷ್ಟು ಖರೆ. ಮೂರನೆಯದನ್ನು ಹೇಳಬೇಕಾದವಳು ನೀನು. ಅದಕ್ಕೆ ಆ ಕಾರ್ಡಿಗೆ ಉತ್ತರ ಬರೆಯುವ ಮೊದಲು ಇದನ್ನು ಓದು.

ಬುಧವಾರ ಅನಂತರಾವ್ ಪುಣೆಯಿಂದ ಬಂದಿಳಿದಾಗ ಅಪ್ಪ ನನಗೆ ಹೇಳಿದ್ದು ಇಷ್ಟು: 'ಶನಿವಾರ ಹುಡುಗೀನ್ನ ನೋಡೋತನಕಾ ಅವರ ಜೋಡಿ ಇರು. ಊರು ತೋರಿಸು. ಬಾಯಿ ಮುಚಗೊಂಡು ತೋರಿಸು.' ನಾನು ವೀರನಾರಾಯಣನ ಗುಡಿಯಿಂದ ಶುರು ಮಾಡುವ ತಯಾರಿಯಲ್ಲಿದ್ದೆ. ಅವರು ಲಾಡ್ಜಿನಲ್ಲಿ ಮುಖ ತೊಳೆದು, ಕರವಸ್ತ್ರವನ್ನು ನೀಟಾಗಿ ಮಡಿಚಿ ಕಿಸೆಯಲ್ಲಿಟ್ಟುಕೊಂಡು ಕೇಳಿದರು: 'ಶ್ರೀಪಾದ, ಇಲ್ಲೆ ಛಲೋ ವೈನ್ ಎಲ್ಲಿ ಸಿಗತದ? ಅಲ್ಲೇ ಕೂತು ಛಲೋ ಊಟಾನೂ ಮಾಡಲಿಕ್ಕೆ ಬರಬೇಕು.'

ನಾನು ನಕ್ಕೆ. ಅವರು ನಗಲಿಲ್ಲ.

ಅವರು ಪುಣೆಯ ದೊಡ್ಡ ಹೋಟೆಲೊಂದರ ಊಟದ ಹಾಲ್ ನೋಡಿಕೊಳ್ಳುತ್ತಾರೆ ಎಂದು ನಮಗೆ ತಿಳಿಸಿದ್ದರಲ್ಲ. ಅಲ್ಲಿ ಪರದೇಶದವರೂ ಬರುತ್ತಾರಂತೆ. ಯಾವ ಊಟಕ್ಕೆ ಯಾವ ವೈನ್ ಒಪ್ಪುತ್ತದೆ ಎಂದು ರುಚಿ ನೋಡಿ ಹೇಳುವುದೂ ಅವರ ಕೆಲಸ. ಹಾಗೇ ಅಭ್ಯಾಸವಾಗಿದೆ. ರಾತ್ರಿ ಊಟದ ಜೊತೆ ಒಂದು ಲೋಟ, ಎರಡನೆಯದಿಲ್ಲ. ಇದನ್ನು ಅವರು ನನ್ನಿಂದ ಮುಚ್ಚಿಡಲಿಲ್ಲ. 'ನಿಮ್ಮಕ್ಕಗ ನಾನ ಹೇಳಬೇಕು. ಆದ್ರ ನೋಡಲಿಕ್ಕೆ ಬಂದಾಗ ಅಷ್ಟು ಮಂದಿ ಮುಂದ ಹೆಂಗ ಹೇಳ್ಲಿ?' ಎಂದರು. ನಾನು ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಶನಿವಾರ ನೀನು ಬಂದೆ, ಅವಲಕ್ಕಿ ಕೊಟ್ಟೆ, ಭಾನುವಾರ ಬೆಳಿಗ್ಗೆ ಮುಂಡರಗಿ ಬಸ್ಸು ಹತ್ತಿದೆ. ಕಿಟಕಿಯಿಂದ 'ಮನುಷ್ಯಾ ಹೆಂಗೋ?' ಎಂದು ಕೇಳಿದೆ. ನಾನು 'ಅಡ್ಡಿಯಿಲ್ಲ' ಎಂದೆ. ಸುಳ್ಳಲ್ಲ, ಆದರೆ ಅಷ್ಟರಿಂದ ನಿನಗೆ ಏನು ತಿಳಿಯಿತು? ಏನೂ ಇಲ್ಲ.

ಇನ್ನು ನನ್ನ ಪಾಡು ಕೇಳು. ನಾನು ಅಜ್ಜಿಗೆ ತರುವ ಬೆಟಗೇರಿಯ ಅಂಗಡಿಗೆ ಕರೆದೊಯ್ದರೆ ಅಜ್ಜಿಯ ಗುಟ್ಟು ಬಯಲಾಗುತ್ತಿತ್ತು, ಅದಕ್ಕೆ ಅದನ್ನು ತೋರಿಸಲಿಲ್ಲ. ಸ್ಟೇಷನ್ ರಸ್ತೆಯ ಹುಚ್ಚೀರಪ್ಪನ ವೈನ್ ಶಾಪಿಗೆ ಹೋಗಿ ಇವರು ವೈನ್ ಇದೆಯೇ ಎಂದು ಕೇಳಿದರು. ಅವನು, 'ಬೋರ್ಡ್ ಓದಾಕ ಬರತೈತಿಲ್ರಿ? ಬ್ರಾಂಡಿ ಐತಿ, ರಮ್ಮೈತಿ, ವಿಸ್ಕಿ ಐತಿ' ಎಂದ.

ಇವರು ಮತ್ತೆ, 'ಅದಲ್ಲ, ವೈನ್' ಎಂದರು.

'ಇವೆಲ್ಲಾ ಏನು ಮಜ್ಜಿಗೀ ಏನ್ರಿ ಮತ್ತ?'

ಕೊನೆಗೆ ಬಿಸಿಲು ಬೀಳುವ ಗಾಜಿನ ಕಪಾಟಿನಿಂದ ಬಣ್ಣ ಹೋದ ಒಂದು ಬಾಟಲಿ ತೆಗೆದು ಧೂಳು ಒರೆಸಿದ. 'ನಾ ಅಂಗಡಿ ಹಿಡದಾಗಿಂದ ಇಲ್ಲೇ ಐತ್ರಿ. ಯಾರೂ ಮುಟ್ಟಿಲ್ಲ, ಹೊಸಾದ.' ಅಲ್ಲಿಯೇ ಕುಳಿತು ಕುಡಿಯಲು ಜಾಗವಿತ್ತು. ತಿನ್ನಲು ಮಾತ್ರ ಶೇಂಗಾ ಮತ್ತು ಬೇಯಿಸಿದ ತತ್ತಿ. ಇವರು ತತ್ತಿ ಮುಟ್ಟುವುದಿಲ್ಲ. ವೈನಿಗೆ ಇಲ್ಲದ ಮಡಿ ತತ್ತಿಗೆ ಯಾಕೆ ಎಂದು ಕೇಳಿದೆ. 'ಅದು ಬ್ಯಾರೆ' ಎಂದರು. ಅವರಿಗೆ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬೇಕು, ಪಕ್ಕದಲ್ಲಿ ವೈನ್ ಬೇಕು.

ಬೆಟಗೇರಿಯ ನೀಲಗಂಗವ್ವನ ಖಾನಾವಳಿಗೆ ಕರೆದೊಯ್ದೆ. ಅವಳು ಬಾಗಿಲಲ್ಲಿಯೇ ಬಾಟಲಿ ನೋಡಿದಳು. 'ಅದನ್ನ ಹೊರಗಿಟ್ಟು ಒಳಗ ಬರ್ರಿ. ಇಲ್ಲಂದ್ರ ಅದರ ಜೋಡಿ ನೀವೂ ಹೊರಗ ಕುಂಡ್ರಿ.' ಅನಂತರಾವ್ ಶಾಂತವಾಗಿ, ಕೆಲವು ದೇಶಗಳಲ್ಲಿ ಊಟದ ಜೊತೆಗೇ ಇದನ್ನು ಕುಡಿಯುತ್ತಾರೆ, ಗೌರವದ ಮನೆಗಳಲ್ಲಿಯೂ ಕುಡಿಯುತ್ತಾರೆ ಎಂದು ವಿವರಿಸಿದರು. 'ಆ ದೇಶದಾಗ ರೊಟ್ಟಿ ಬಡಿಯಾವ್ರು ಇಲ್ಲೇನ್ರಿ, ಇಲ್ಲಿತನಕಾ ಬಂದೀರಿ?' ಎಂದಳು. ಆಮೇಲೆ ನನ್ನ ಮುಖ ನೋಡಿ, 'ಮಾಸ್ತರ ಮಗ ಅಲ್ಲೇನೋ ನೀ?' ಎಂದು ಕೇಳಿದಳು. ಹೌದು ಎಂದೆ. ಅಲ್ಲ ಎನ್ನಬಹುದಿತ್ತು ಎಂದು ಅನಂತರಾವ್ ದಾರಿಯಲ್ಲಿ ಹೇಳಿದರು. ಅವರಿಗೆ ನನ್ನ ಪರಿಚಯ ಇನ್ನೂ ಆಗಿರಲಿಲ್ಲ.

ಮರುದಿನ ಬಾಳೆಹೊಸೂರಿನ ಅವರ ಸೋದರಮಾವನ ಮನೆಗೆ ಹೊರಟೆವು. ಬಾಟಲಿ ನನ್ನ ಚೀಲದಲ್ಲಿ. ಲಕ್ಷ್ಮೇಶ್ವರದಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿ ಯಮನೂರಪ್ಪ ಎಂಬವನ ಹೋಟೆಲಿನಲ್ಲಿ ಪರದೆ ಹಾಕಿದ ಕೋಣೆ ಸಿಕ್ಕಿತು. ಚಹಾದ ಕಪ್ಪಿನಲ್ಲಿ ಹಾಕಿಕೊಂಡರೆ ನಾನು ನೋಡಿಲ್ಲ ಎಂದ. ರೊಟ್ಟಿ ಬಂತು, ಎಣ್ಣೆಗಾಯಿ ಬಂತು. ಇವರು ಕಪ್ಪನ್ನು ಮೂಗಿನ ಹತ್ತಿರ ಹಿಡಿದರು, ಅಲುಗಿಸಿದರು, ಮತ್ತೆ ಮೂಸಿದರು. ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಎದ್ದು ಹೋಗಿ ಇಡೀ ಬಾಟಲಿಯನ್ನು ಗಟಾರಕ್ಕೆ ಸುರಿದರು. 'ಹುಳಿ ಆಗೇದ' ಎಂದರು.

ಯಮನೂರಪ್ಪ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತ ನಿಂತಿದ್ದ. 'ನಮ್ಮ ಗಟಾರಕ್ಕ ಕುಡಿಯೋ ಚಟಾ ಇರಲಿಲ್ರಿ ಸಾಹೇಬ್ರ. ನೀವು ಹತ್ತಿಸಿದ್ರಿ.'

ಅವನೇ ಎಲ್ಲಿಂದಲೋ ಇನ್ನೊಂದು ಬಾಟಲಿ ತರಿಸಿಕೊಟ್ಟ. ಅದನ್ನು ಬರುವ ದಾರಿಯಲ್ಲಿ ಶಿರಹಟ್ಟಿಯ ಬಸ್‌ಸ್ಟ್ಯಾಂಡಿನ ಹಿಂದೆ ಬೇವಿನ ಮರದ ಬುಡಕ್ಕೆ ಸುರಿದರು. ಅದರಲ್ಲಿ ದ್ರಾಕ್ಷಿಯೇ ಇಲ್ಲವಂತೆ, ಬಣ್ಣ ಮತ್ತು ಸ್ಪಿರಿಟ್ ಅಂತೆ. ಅಲ್ಲಿದ್ದ ಒಬ್ಬ ನಮ್ಮ ಮೇಲೆ ಕನಿಕರಪಟ್ಟು ಸರಾಯಿ ಅಂಗಡಿಯ ದಾರಿ ತೋರಿಸಿದ. ಮುಂಡರಗಿಯಲ್ಲಿ ನೋಡೋಣವೇ ಎಂದು ಇವರು ಕೇಳಿದರು. ಮುಂಡರಗಿ ಬೇಡ, ಅಲ್ಲಿ ನಮ್ಮಕ್ಕ ಮಾಸ್ತರಿಕಿ ಮಾಡುತ್ತಾಳೆ, ನೀವು ಬೆಳಿಗ್ಗೆ ಕೇಳಿದರೆ ಸಂಜೆಗೆ ಶಾಲೆಯ ಹುಡುಗರೇ ಅವಳಿಗೆ ಹೇಳುತ್ತಾರೆ ಎಂದೆ.

ಅಕ್ಕಾ, ನನ್ನ ತಲೆ ಚಿಟ್ಟು ಹಿಡಿದಿತ್ತು. ಹುಡುಕುವುದು, ಕೊಳ್ಳುವುದು, ಮೂಸುವುದು, ಚೆಲ್ಲುವುದು. ಕುಡುಕನಾದರೂ ಆಗಿದ್ದರೆ ಒಂದು ಕಡೆ ಕೂತು ಕುಡಿದು ಸುಮ್ಮನಾಗುತ್ತಿದ್ದ. ಈ ಮನುಷ್ಯ ನಾಳೆ ನಿನ್ನ ಸಾರನ್ನೂ ಹೀಗೇ ಮೂಸಿ ಚೆಲ್ಲುತ್ತಾನೆ, ಜೀವಮಾನವೆಲ್ಲ ನೀನು ಅವನ ಮೂಗು ನೋಡುತ್ತ ನಿಂತಿರಬೇಕು ಎಂದು ನನಗೆ ಖಾತ್ರಿಯಾಯಿತು. ಬೇಡ ಎಂದು ನಿನಗೆ ಬರೆಯುವುದೆಂದು ನಿಶ್ಚಯಿಸಿದ್ದೆ. ಅಷ್ಟು ಹೊತ್ತೂ ಮನೆಯ ಕಪಾಟಿನಲ್ಲಿ ಬಾಟಲಿ ಇತ್ತು. ನಿಮ್ಮ ಮನೆಯಲ್ಲಿ ವೈನ್ ಇದೆಯೇ ಎಂದು ಅವರು ಕೇಳಲಿಲ್ಲ. ಅದನ್ನು ಯಾರು ಕೇಳುತ್ತಾರೆ?

ಭಾನುವಾರ ಸಂಜೆ ಅಪ್ಪ ಅವರನ್ನು ಊಟಕ್ಕೆ ಕರೆದಿದ್ದರು. ಅಪ್ಪ ಗುಡಿಗೆ ಹೋಗಿದ್ದರು, ಅಮ್ಮ ಅಡುಗೆಮನೆಯಲ್ಲಿ. ಹಿತ್ತಿಲ ಕಟ್ಟೆಯ ಮೇಲೆ ಕೂತು ನಾನು ಅವರಿಗೆ ಮುಖದ ಮೇಲೆಯೇ ಹೇಳುತ್ತಿದ್ದೆ, ನಿಮ್ಮ ಒಂದು ಲೋಟ ವೈನಿನ ಸಲುವಾಗಿ ನನ್ನ ಚಪ್ಪಲಿ ಸವೆದುಹೋಯಿತು ಎಂದು. ಒಳಗಿನಿಂದ ಅಜ್ಜಿ ಕರೆದಳು. 'ಶ್ರೀಪಾದ, ಆ ಹುಡುಗನ್ನ ಒಳಗ ಕರಕೊಂಡು ಬಾ.'

ಅಜ್ಜಿ ಮಣೆ ಹಾಕಿ ಕೂಡಿಸಿದಳು. ಕಪಾಟು ತೆಗೆದಳು. 'ನಮ್ಮನಿಗೆ ಬಂದಾಂವ ಹುಡುಕಿದ್ದು ಸಿಗಲಾರದ ಹೋಗಬಾರದು. ನನ್ನ ಔಷಧ ಅದ, ರುಚಿ ನೋಡು' ಎಂದು ಬೆಳ್ಳಿಯ ಲೋಟದ ತುಂಬ ಸುರಿದಳು. ದಿನಾ ತಾನು ಕುಡಿಯುವುದಕ್ಕಿಂತ ಹೆಚ್ಚು.

ಅವರು ಅಭ್ಯಾಸದಂತೆ ಲೋಟವನ್ನು ಮೂಗಿನ ಹತ್ತಿರ ತಂದರು. 'ಮೂಸಬ್ಯಾಡೋ, ನೀ ಏನು ಬೆಕ್ಕೇನು?' ಎಂದಳು ಅಜ್ಜಿ. ತುಟಿಗೆ ತಂದರು. 'ಎಂಜಲಾ ಮಾಡಬ್ಯಾಡ. ದೇವರ ಲೋಟಾ ಅದು. ಎತ್ತಿ ಕುಡಿ.'

ವೈನನ್ನು ಎತ್ತಿ ಕುಡಿಯುವುದನ್ನು ನೀನು ನೋಡಬೇಕಿತ್ತು. ನಾವು ನೀರನ್ನು ಮೇಲಿನಿಂದ ಬಾಯಿಗೆ ಹೊಯ್ದುಕೊಳ್ಳುವ ಹಾಗೆ, ತಲೆ ಹಿಂದೆ ಮಾಡಿ, ಲೋಟ ಮೇಲೆತ್ತಿ. ಪುಣೆಯಲ್ಲಿ ಇದ್ದು ಅವರಿಗೆ ರೂಢಿ ತಪ್ಪಿದೆ. ಅರ್ಧ ಬಾಯಿಗೆ ಬಿತ್ತು, ಉಳಿದದ್ದು ಗದ್ದದಿಂದ ಇಳಿದು ಬಿಳಿ ಅಂಗಿಯ ಎದೆಯ ಮೇಲೆಲ್ಲ ಹರಡಿತು. ಅಜ್ಜಿ ಮತ್ತೆ ತುಂಬಿದಳು.

ಆ ವೈನಿನ ರುಚಿ ನನಗೆ ಗೊತ್ತು, ಒಮ್ಮೆ ಮುಚ್ಚಳದಲ್ಲಿ ನೋಡಿದ್ದೇನೆ. ಹಳೆಯ ಬೆಲ್ಲದ ಪಾಕದಲ್ಲಿ ಕೆಮ್ಮಿನ ಔಷಧ ಕಲಸಿದ ಹಾಗೆ. ನಾವು ಚೆಲ್ಲಿದ ಎರಡೂ ಬಾಟಲಿ ಅದಕ್ಕಿಂತ ವಾಸಿ ಇದ್ದಿರಬೇಕು. ಈಗ ಮುಖ ಸಿಂಡರಿಸುತ್ತಾರೆ ಎಂದು ಕಾದೆ. ಅವರು ಎರಡನೆಯ ಸಲ ತುಂಬಿದ್ದನ್ನೂ ಎತ್ತಿ ಕುಡಿದರು, ಕೊನೆಯ ಹನಿಯವರೆಗೆ. ಲೋಟ ತೊಳೆದು ಬೋರಲು ಹಾಕಿದರು. 'ಊಟಕ್ಕ ಮೊದಲ ತಗೋತೀರೋ, ಆಮ್ಯಾಲೋ ಅಜ್ಜಿ?' ಎಂದು ಕೇಳಿದರು. ಊಟಕ್ಕೆ ಮೊದಲು ಎಂದಳು. 'ಆಮ್ಯಾಲೆ ತಗೊಂಡು ನೋಡ್ರಿ, ಸಿಹಿ ಅದಲ್ಲ, ಛಲೋ ನಿದ್ದಿ ಬರತದ' ಎಂದರು. ಅಜ್ಜಿ ಅಷ್ಟು ನಕ್ಕಿದ್ದನ್ನು ಅಜ್ಜ ಹೋದ ಮೇಲೆ ನಾನು ನೋಡಿಲ್ಲ. ಇದನ್ನು ಯಾರು ತರುತ್ತಾರೆ ಎಂದು ಕೇಳಿದರು. ಅಜ್ಜಿ ನನ್ನ ಕಡೆ ಬೆರಳು ಮಾಡಿದಳು. ಅನಂತರಾವ್ ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ.

ಅಷ್ಟರಲ್ಲಿ ಅಪ್ಪ ಬಂದರು. ನಡುಮನೆಯಲ್ಲಿ ದೀಪದ ಬೆಳಕಿಗೆ ಅಂಗಿ ನೋಡಿದರು, ಹತ್ತಿರ ಬಂದು ವಾಸನೆಯನ್ನೂ ಹಿಡಿದರು. ನೀಲಗಂಗವ್ವನ ಸುದ್ದಿ ಅವರಿಗೆ ಮೊದಲೇ ಮುಟ್ಟಿತ್ತಂತೆ, ನಂಬಿರಲಿಲ್ಲ. 'ಏನದು?' ಎಂದು ಕೇಳಿದರು.

'ವೈನ್ ರೀ.'

'ಎಲ್ಲಿ ಕುಡದ್ರಿ?'

ಬಾಗಿಲ ಹಿಂದೆ ಅಜ್ಜಿ ನಿಂತಿದ್ದಳು, ಸೆರಗು ಕಾಣುತ್ತಿತ್ತು. ಅನಂತರಾವ್ ಆ ಕಡೆ ತಿರುಗಲಿಲ್ಲ. 'ಕುಡದದ್ದು ಖರೆ ರೀ. ಎಲ್ಲಿ ಅನ್ನೋದನ್ನ ಹೇಳೂದಿಲ್ಲ' ಎಂದರು. ನಾನು ಬಾಯಿ ತೆರೆದೆ. ಅವರು ನನ್ನ ಮುಂಗೈ ಹಿಡಿದು ಒತ್ತಿದರು, ಇನ್ನೂ ನೋಯುತ್ತಿದೆ.

ಅಪ್ಪ ಕೂಗಾಡಲಿಲ್ಲ. 'ಎಲಿ ಹಾಕ್ಯಾರ, ಊಟಕ್ಕ ಏಳ್ರಿ. ಆಮ್ಯಾಲೆ ಲಾಡ್ಜಿನ ದಾರಿ ನಿಮಗ ಗೊತ್ತದ' ಎಂದರು. ಅಮ್ಮನ ಹುಳಿಗೆ ಆ ದಿನ ಉಪ್ಪು ಎರಡು ಸಲ ಬಿದ್ದಿತ್ತು. ಅವರು ಇನ್ನೊಮ್ಮೆ ಹಾಕಿಸಿಕೊಂಡು ಉಂಡರು.

ಇಂದು ಬೆಳಿಗ್ಗೆ ಅಜ್ಜಿಗೆ ಹೇಳಿದೆ, ಅಪ್ಪನಿಗೆ ಇದ್ದದ್ದನ್ನು ಹೇಳಿಬಿಡುತ್ತೇನೆ ಎಂದು. ಅಜ್ಜಿ ಬತ್ತಿ ಹೊಸೆಯುತ್ತಿದ್ದಳು. 'ಹೇಳು. ನಾಳಿಂದ ನಿಮ್ಮಪ್ಪ ನನ್ನ ಕೈಲೆ ನೈವೇದ್ಯ ಮಾಡಸೂದಿಲ್ಲ, ಅಷ್ಟ' ಎಂದಳು. ನನಗೆ ಸಿಟ್ಟು ಬಂತು. ನಿನ್ನ ಮಡಿ ಉಳಿಸಿಕೊಳ್ಳಲು ಅವರ ಮಾನ ಕಳೆದೆಯಲ್ಲ ಎಂದೆ. ಬತ್ತಿ ಹೊಸೆಯುವುದು ನಿಂತಿತು. 'ನರ್ಮದಾಗ ಬರಿ. ಇದ್ದದ್ದು ಇದ್ದಂಗ ಬರಿ. ಲಗ್ನಾ ಆಕೀದು' ಎಂದಳು. ಅದಕ್ಕೆ ಬರೆಯುತ್ತಿದ್ದೇನೆ. ಅಪ್ಪನಿಗೆ ನಾನು ಹೇಳಿಲ್ಲ. ಅವರು ಕೇಳಿದರೆ ಹೇಳುತ್ತೇನೆ.

ಮಾಡಿಕೋ ಎಂದು ನಾನು ಹೇಳುವುದಿಲ್ಲ. ಅವರು ದಿನಾ ಕುಡಿಯುತ್ತಾರೆ, ಲಗ್ನವಾದ ಮೇಲೂ ಕುಡಿಯುತ್ತೇನೆ ಎಂದು ಅವರೇ ಹೇಳಿದ್ದಾರೆ. ಅಂಗಡಿಯ ಮಾಲಿನಲ್ಲಿ ತಪ್ಪು ಹುಡುಕುತ್ತಾರೆ, ಜೊತೆಗಿದ್ದವರ ಜೀವ ತಿನ್ನುತ್ತಾರೆ. ಆದರೆ ಕೊಂಡದ್ದನ್ನೆಲ್ಲ ಚೆಲ್ಲಿದವರು, ಕೈಯಾರೆ ಕೊಟ್ಟದ್ದನ್ನು ಒಂದು ಹನಿಯೂ ಚೆಲ್ಲಲಿಲ್ಲ. ಅಂಗಿಯ ಮೇಲೆ ಬಿದ್ದದ್ದು ಅವರ ತಪ್ಪಲ್ಲ, ನಮ್ಮ ಮನೆಯ ರೀತಿ. ನಾನು ಕಂಡದ್ದು ಇಷ್ಟು. ಅವರ ಪುಣೆಯ ವಿಳಾಸವನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಅಪ್ಪನಿಗೆ ಬರೆಯುತ್ತೀಯೋ ಅವರಿಗೆ ಬರೆಯುತ್ತೀಯೋ, ನೀನೇ ಬರೆ.

ನಿನ್ನ ತಮ್ಮ,
ಶ್ರೀಪಾದ

ತಾ.ಕ.: ಒಂದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಅವರ ಹೋಟೆಲಿನ ಉಗ್ರಾಣದಲ್ಲಿ ಕೆಲಸವಿದೆ, ಬರುತ್ತೀಯಾ ಎಂದು ಲಕ್ಷ್ಮೇಶ್ವರದ ಬಸ್ಸಿನಲ್ಲಿಯೇ ಅವರು ನನ್ನನ್ನು ಕೇಳಿದ್ದರು. ಅಕ್ಕ ಒಲ್ಲೆ ಎಂದರೂ ಕೆಲಸ ಇರುತ್ತದೆಯೇ ಎಂದು ಕೇಳಿದೆ, ಇರುತ್ತದೆ ಎಂದರು. ನಿನ್ನೆ ಲಾಡ್ಜಿಗೆ ಕಳಿಸಿಕೊಡುವಾಗ ಮತ್ತೆ ಕೇಳಿದೆ, ಅದೇ ಮಾತು. ಆದರೂ ಇಲ್ಲಿಯವರೆಗೆ ಹೂಂ ಎಂದಿಲ್ಲ, ಎಂದಿದ್ದರೆ ಮೇಲೆ ಬರೆದದ್ದೆಲ್ಲ ಪಗಾರದ ಮಾತಾಗುತ್ತಿತ್ತು. ಈ ಪತ್ರವನ್ನು ಡಬ್ಬಿಗೆ ಹಾಕಿದ ಮೇಲೆ ಲಾಡ್ಜಿಗೆ ಹೋಗಿ, ಕೆಲಸಕ್ಕೆ ಬರುತ್ತೇನೆ ಎಂದು ಅವರಿಗೆ ಹೇಳುತ್ತೇನೆ. ಇದನ್ನೂ ತೂಕಕ್ಕೆ ಹಾಕಿಕೊಂಡು ಓದು.

ಚೀಲ ಕಟ್ಟುತ್ತಿದ್ದಾಗ ಅಮ್ಮ ಬಂದಳು. ಎಲ್ಲಿಗೆ, ಯಾಕೆ ಎಂದು ಕೇಳಲಿಲ್ಲ. 'ಬೆಟಗೇರಿಯೊಳಗ ಅಜ್ಜಿ ಔಷಧ ಯಾವ ಅಂಗಡ್ಯಾಗ ಸಿಗತದ, ಹೇಳಿ ಹೋಗು' ಎಂದಳು.

ಹೇಳಿದ್ದೇನೆ. ನಾಳೆ ಬೆಳಿಗ್ಗೆಯ ಗಾಡಿಗೆ ಹೊರಡುತ್ತೇನೆ.