ನಗು ಬಂದಲ್ಲಿ ಚುಕ್ಕೆ

ಅಕ್ಕಾ,

ನಾವಿಬ್ಬರೂ ಬಿಡದೆ ಓದುತ್ತಿದ್ದ ಆ ಇಂಗ್ಲಿಷ್ ನಗೆ ಕಾದಂಬರಿಗಳ ಸಾಲಿನ ಹತ್ತೊಂಬತ್ತನೆಯದು ಇವತ್ತು ಬೆನ್ನು ಕಿತ್ತುಕೊಂಡು ನನ್ನ ಮೇಜಿಗೇ ಬಂತು. ಗ್ರಂಥಾಲಯದಲ್ಲಿ ನನ್ನ ಕೆಲಸ ನಿನಗೆ ಗೊತ್ತಲ್ಲ, ಹೊಸ ರಟ್ಟು ಹಾಕುವ ಮೊದಲು ಓದುಗರು ಗೀಚಿದ್ದನ್ನೆಲ್ಲ ರಬ್ಬರಿನಿಂದ ಅಳಿಸಬೇಕು. ಮೊದಲು ಓದುತ್ತಿದ್ದವಳು ನೀನು. ನಗು ಬಂದಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲಿನ ಒಂದು ಚುಕ್ಕೆ, ಆಮೇಲೆ ಓದುವ ನನಗಾಗಿ. ಹಿಂದಿನವು ರಿಪೇರಿಗೆ ಬಂದಾಗಲೆಲ್ಲ ನಿನ್ನನ್ನು ಬೈದುಕೊಂಡೇ ಅಳಿಸಿದ್ದೇನೆ.

ಒಳಗೆ ಅಂಟಿಸಿದ ಎರವಲು ಚೀಟಿಯಲ್ಲಿ ಕೊನೆಯ ಸಹಿ ನಿನ್ನದು. ನೀನು ಆಸ್ಪತ್ರೆ ಸೇರುವ ಹಿಂದಿನ ವಾರದ ತಾರೀಕು. ಅಲ್ಲಿಂದ ನೀನು ಮನೆಗೆ ಮರಳಲಿಲ್ಲ.

ಪುಟ ಪುಟವೂ ತಿರುವಿದೆ. ಕಥಾನಾಯಕ, ನಮ್ಮ ಪೆದ್ದ ವಕೀಲ, ತನ್ನ ಮದುವೆಯ ದಿನವೇ ಬೀರುವಿನೊಳಗೆ ಸಿಕ್ಕಿಕೊಂಡು, ಒಳಗಿನಿಂದಲೇ ಅತಿಥಿಗಳಿಗೆ ಸ್ವಾಗತ ಭಾಷಣ ಮಾಡುತ್ತಾನೆ. ಅಲ್ಲೂ ಚುಕ್ಕೆ ಇಲ್ಲ. ಮುನ್ನೂರು ಪುಟಗಳಲ್ಲಿ ಒಂದೂ ಇಲ್ಲ.

ನೀನು ಕೊನೆಯ ಸಲ ಬಂದಾಗ ನಾನು ನಿನ್ನನ್ನು ಬಾಗಿಲಲ್ಲೇ ನಿಲ್ಲಿಸಿ ರೇಗಿದ್ದೆ: "ನಾನೆಲ್ಲಿ ನಗಬೇಕು ಅಂತಾನೂ ನೀನೇ ಹೇಳ್ಬೇಕಾ? ನಂಗೇನು ತಲೆ ಇಲ್ವಾ?"

"ಸರಿ ಬಿಡೇ, ಇನ್ಮೇಲೆ ಹೇಳಲ್ಲ" ಅಂದಿದ್ದೆ ನೀನು.

ಮಾತು ಉಳಿಸಿಕೊಂಡೆಯೋ, ನಗು ಬರಲೇ ಇಲ್ಲವೋ.

ಪಕ್ಕದ ಮೇಜಿನಲ್ಲಿ ರಟ್ಟು ಕಟ್ಟುವವರು ಇಣುಕಿ ನೋಡಿದರು. "ಇದು ಚೊಕ್ಕಟವಾಗಿದೆಯಲ್ಲಮ್ಮ, ಅಳಿಸೋಕೇನೂ ಇಲ್ಲ. ಕೊಡಿ ಇತ್ಲಾಗೆ."

"ಇರಿ, ಇನ್ನೊಂದ್ಸಲ ನೋಡ್ತೀನಿ" ಅಂದೆ.

ರಬ್ಬರು ಕೆಳಗಿಟ್ಟು, ಮತ್ತೆ ಮೊದಲ ಪುಟದಿಂದ ಹುಡುಕತೊಡಗಿದೆ.